ಅವರು ವಾಪಸ್ ಇಡಿಸುತ್ತಿದ್ದ ಕಾಲಾಳು

ನನ್ನ ಗಂಡ ಇಪ್ಪತ್ತಾರು ವರ್ಷ ಪಂಪ್ ಫ್ಯಾಕ್ಟರಿಯಲ್ಲಿ ಲೇತ್ ಯಂತ್ರದ ಮುಂದೆ ನಿಂತವರು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮಾಡಿದ್ದು ಗುಜರಿಗೆ ಹೋಗುವ ಕೆಲಸ. ಸಂಗಡಿಗರು ‘ಸ್ಕೇಲು’ ಎಂದು ಕರೆಯುತ್ತಿದ್ದರು. ಮನೆಯಲ್ಲೂ ಹಾಗೇ. ಬಟ್ಟೆ ಒಣಹಾಕಿದರೆ ಅಂಚಿಗೆ ಅಂಚು ಸೇರಬೇಕು. ಅವರು ತೀರಿಹೋಗಿ ಎಂಟು ತಿಂಗಳಾಯಿತು. ಈಗ ಬಟ್ಟೆ ಹೇಗೆ ಬಿತ್ತೋ ಹಾಗೆ ಒಣಗುತ್ತದೆ.

ಅವರಿಗಿದ್ದ ಚಟ ಒಂದೇ, ಚೆಸ್. ಫ್ಯಾಕ್ಟರಿಗಳ ನಡುವೆ ವರ್ಷಕ್ಕೊಂದು ಪಂದ್ಯ ನಡೆಯುತ್ತಿತ್ತು. ಸಾಯುವುದರೊಳಗೆ ಒಂದು ಸಲ ಗೆಲ್ಲಬೇಕು ಅನ್ನುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ಫೈನಲ್ ಮುಟ್ಟಿದರು.

ಆಟ ಶುರುಮಾಡುವ ಬಗೆ ಹೇಳುವ ಪುಸ್ತಕವೊಂದು ಅವರಿಗೆ ಬಾಯಿಪಾಠ. ಎದುರಿಗೆ ಯಾರಾದರೂ ಬೇಕಲ್ಲ, ಅಡುಗೆಮನೆಯಿಂದ ಎಳೆದುತಂದು ನನ್ನನ್ನು ಕೂರಿಸಿದರು. ನಾನು ಓದಿದ್ದು ಮೂರನೇ ಕ್ಲಾಸು. ಕಪ್ಪು ಕಾಯಿ ನನ್ನದು.

ಅವರು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸುವರು. ನಾನೂ ಹಾಗೇ. ಅವರ ಕುದುರೆ ಬಂದು ನನ್ನ ಕಾಲಾಳಿಗೆ ಗುರಿಯಿಡುವುದು. ಆಗ ನಾನೂ ಕುದುರೆ ತಂದು ಕಾಯಬೇಕು, ಪುಸ್ತಕದಲ್ಲಿ ಹಾಗಿದೆ. ನನಗೆ ಕಾಯುವುದು ಬಾರದು. ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ನೂಕಿ ಅವರ ಎದೆಗೇ ಒಡ್ಡುತ್ತಿದ್ದೆ.

“ಲೇ, ಚೆಸ್ ಆಡ್ತಿದ್ದೀಯೋ, ಜಗಳ ಆಡ್ತಿದ್ದೀಯೋ?”

“ಎರಡೂ ನಿಮ್ಮ ಜೊತೆಗೇ ತಾನೆ.”

“ಹೀಗೆ ಯಾರೂ ಆಡಲ್ಲ. ವಾಪಸ್ ಇಡು.”

“ಯಾರಾದ್ರೂ ಆಡಿದ್ರೆ ಏನ್ಮಾಡ್ತೀರಿ?”

“ಆಡಲ್ಲ ಅಂದ್ನಲ್ಲ ಮಾರಾಯ್ತಿ.”

ವಾಪಸ್ ಇಟ್ಟೆ. ಎಷ್ಟು ಸಲ ಇಟ್ಟೆನೋ. ಒಂದು ಸಲವಾದರೂ ಹಟ ಹಿಡಿಯಬೇಕಿತ್ತು.

ಫೈನಲ್‌ಗೆ ನಾನೂ ಹೋಗಿದ್ದೆ. ಎದುರಾಳಿ ಬಾಟಲಿ ಫ್ಯಾಕ್ಟರಿಯ ಲಾರಿ ಡ್ರೈವರ್. ಬಿಳಿ ಕಾಯಿ ಇವರದು. ಕಾಲಾಳು, ಕಾಲಾಳು, ಇವರ ಕುದುರೆ. ಡ್ರೈವರ್ ಮೂಗು ಒರೆಸಿಕೊಂಡು ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ನೂಕಿದ.

ಇವರು ಹಿಂದಿನ ಬೆಂಚಿನಲ್ಲಿದ್ದ ನನ್ನ ಕಡೆ ತಿರುಗಿ ನೋಡಿದರು. ಆಮೇಲೆ ಗಡಿಯಾರ ಓಡುತ್ತಲೇ ಇತ್ತು, ಇವರ ಕೈ ಏಳಲಿಲ್ಲ. ಕೊನೆಗೆ ಕೈ ಎದ್ದಾಗ ನಡೆ ಎಡವಟ್ಟಾಯಿತು. ಒಂದು ಗಂಟೆಯೊಳಗೆ ಸೋತರು.

ದಾರಿಯಲ್ಲಿ ಅಂದರು, “ನಿನ್ನ ಆಟಾನೇ ಆಡ್ಬಿಟ್ಟ ಕಣೇ.”

ನನ್ನ ನಾಲಿಗೆ ಸುಮ್ಮನಿರಲಿಲ್ಲ. “ನಾನು ಬಡ್ಕೊಂಡಿರ್ಲಿಲ್ವಾ? ಹೆಂಡ್ತಿ ಮಾತು ಕಸ ನಿಮಗೆ. ಅನುಭವಿಸಿ.”



ಮರುವರ್ಷ ಪಂದ್ಯಕ್ಕೆ ಹೆಸರು ಕೊಡುವ ಹಾಳೆ ಬಂದಾಗ ಮಡಚಿ ಕಿಟಕಿಯ ಸಂದಿಗೆ ಸಿಕ್ಕಿಸಿದರು. ಯಾಕೆ ಅಂದೆ. “ಕೈ ನೋವು” ಅಂದರು. ಅದೇ ಕೈಯಲ್ಲಿ ದಿನಕ್ಕೆ ಎಂಟು ಗಂಟೆ ಲೇತ್ ತಿರುಗಿಸುತ್ತಿದ್ದರು. ನನಗೆ ಗೊತ್ತಿತ್ತು. ಆದರೂ ಎಣ್ಣೆ ಬಿಸಿಮಾಡಿ ತಂದು ಕೈ ತಿಕ್ಕಿದೆ. ತಪ್ಪಾಯಿತು ಅಂತ ನಾನು ಒಂದು ಮಾತೂ ಆಡಲಿಲ್ಲ.