ಗೇಟಿನ ಮುಂದಿನ ಹಗ್ಗಜಗ್ಗಾಟ

ಸಂಜೆ ಶಾಲೆ ಬಿಡುವುದಕ್ಕೆ ಮುಂಚಿನ ಕಾಲು ಗಂಟೆಯಲ್ಲಿ ತಾಯಂದಿರು ಗೇಟಿನ ಹೊರಗೆ ಎಲ್ಲಿ ನಿಲ್ಲುತ್ತಾರೆ ಎನ್ನುವುದು ಮೇಲ್ನೋಟಕ್ಕೆ ಬರೀ ನೆರಳಿನ ಪ್ರಶ್ನೆ. ಬಿಸಿಲಿದ್ದರೆ ಮರದ ಕೆಳಗೆ, ಮಳೆಯಿದ್ದರೆ ಅಂಗಡಿಯ ಜಗುಲಿಯಲ್ಲಿ, ಎರಡೂ ಇಲ್ಲದಿದ್ದರೆ ಕಾಲು ಹೋದಲ್ಲಿ ಎಂದು ನೀವು ಭಾವಿಸಿದ್ದರೆ, ಮಹನೀಯರೇ, ನಿಮ್ಮ ಮಕ್ಕಳು ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಓದಿಲ್ಲವೆಂದೇ ಅರ್ಥ. ಕೊಪ್ಪಕ್ಕೆ ಮೊಬೈಲ್ ಟವರ್ ಹೊಸದಾಗಿ ಬಂದು, ಸಿಗ್ನಲ್ ಹುಡುಕಿಕೊಂಡು ಸಭ್ಯ ಗೃಹಸ್ಥರು ರಸ್ತೆಯಲ್ಲಿ ಕೈಯೆತ್ತಿ ತಿರುಗುತ್ತಿದ್ದ ಆ ವರ್ಷಗಳಲ್ಲಿ ನನ್ನ ಮಗಳು ಅಂಥದೊಂದು ಶಾಲೆಯ ಮೂರನೇ ತರಗತಿಯಲ್ಲಿದ್ದಳು. ಅವಳು ಒಳಗೆ ಭೂಗೋಳ ಕಲಿಯುತ್ತಿದ್ದಳು, ನಾನು ಹೊರಗೆ.

ಗೇಟಿನ ಬಲಕ್ಕಿದ್ದ ನೇರಳೆ ಮರ ಅಡಿಕೆ ತೋಟದವರದು. ಶೃಂಗೇರಿ ಕಡೆಯ ಶಾರದಕ್ಕ ಅಲ್ಲಿನ ಅಘೋಷಿತ ಅಧ್ಯಕ್ಷೆ. ಮಠದಲ್ಲಿ ತಮ್ಮ ಮಾವನವರಿಗೆ ಎಷ್ಟು ಮರ್ಯಾದೆ ಎಂಬಲ್ಲಿಗೆ ಅವರ ಮಾತು ಸುತ್ತಿಬಳಸಿ ಬಂದೇ ಬರುತ್ತಿತ್ತು. ಎಡಕ್ಕೆ ಜೀಪುಗಳ ಸಾಲು, ಅಂದರೆ ಕಾಫಿ ಎಸ್ಟೇಟಿನವರು. ಅವರ ಮುಂದಾಳು ವನಜಾಕ್ಷಿ ತಾನೇ ಜೀಪು ಓಡಿಸುತ್ತಿದ್ದಳು. ಹಾರ್ನು ಅವಳಿಗೆ ಎರಡನೆಯ ನಾಲಗೆ. ರಸ್ತೆಯಾಚೆಯ ಮೋರಿಕಟ್ಟೆ ಬ್ಯಾಂಕು, ಕಚೇರಿಗಳ ವರ್ಗಾವಣೆಯ ಅಧಿಕಾರಿಗಳ ಪತ್ನಿಯರಿಗೆ ಮೀಸಲು. ಅಲ್ಲಿನ ಸುಮಿತ್ರಾ ಪ್ರತಿಯೊಂದು ವಾಕ್ಯವನ್ನೂ "ನಾವು ಧಾರವಾಡದಲ್ಲಿದ್ದಾಗ" ಎಂದೇ ಶುರುಮಾಡುತ್ತಿದ್ದುದರಿಂದ ಅವರು ಕೊಪ್ಪದಲ್ಲಿ ಇದ್ದಾರೆಂಬುದೇ ನಮಗೆ ಆಗಾಗ ಮರೆಯುತ್ತಿತ್ತು. ಈ ಮೂರು ಸಾಮ್ರಾಜ್ಯಗಳಲ್ಲಿ ಯಾವುದಕ್ಕೂ ಸಲ್ಲದವರು ಸ್ಟೇಷನರಿ ಅಂಗಡಿಯ ಮುಂದಿನ ಹಲಗೆಯ ಆಸುಪಾಸಿನಲ್ಲಿ, ಪರಸ್ಪರ ಗುರುತಿಲ್ಲದವರಂತೆ ಚದುರಿ ನಿಲ್ಲುತ್ತಿದ್ದರು.

ನನ್ನ ಸ್ಥಿತಿ ಸ್ವಲ್ಪ ತ್ರಿಶಂಕುವಿನದು. ಹುಟ್ಟಿದ್ದು ಅಡ್ಡಗದ್ದೆಯ ಪುರೋಹಿತರ ಮನೆಯಲ್ಲಿ, ಓದಿದ್ದು ಸಂಸ್ಕೃತ ಎಂ.ಎ., ಸೇರಿದ್ದು ಬಸ್‌ಸ್ಟ್ಯಾಂಡಿನ ಬಳಿ ಫೋಟೋ ಸ್ಟುಡಿಯೋ ಇಟ್ಟವರನ್ನು. ಜಾತಿ ನನ್ನನ್ನು ಮರದ ಕೆಳಗೆ ಕರೆಯುತ್ತಿತ್ತು, ಜೇಬು ಹಲಗೆಯ ಕಡೆಗೆ ತಳ್ಳುತ್ತಿತ್ತು. ಮೊದಲ ದಿನವೇ ಶಾರದಕ್ಕ ಪ್ರೀತಿಯಿಂದ ಕೇಳಿದ್ದರು: "ನಿಮ್ಮನೆ ತೋಟ ಎಷ್ಟು ಎಕರೆ?"

"ಬಾಡಿಗೆ ಮನೆ ಶಾರದಕ್ಕ. ಹಿತ್ತಿಲಲ್ಲಿ ಎರಡು ಕರಿಬೇವಿನ ಗಿಡ ಉಂಟು" ಎಂದೆ.

ಅವರು ನಕ್ಕರು. ಆದರೆ ಆ ಬಳಿಕ ನನ್ನನ್ನು ಮರದ ನೆರಳಿನ ಅಂಚಿನಲ್ಲಿಯೇ ಇಟ್ಟರು. ಸೂರ್ಯ ಸ್ವಲ್ಪ ವಾಲಿದರೆ ನಾನು ಸಮಾಜದಿಂದ ಹೊರಗೆ.

ಎಲ್ಲರಿಂದಲೂ ದೂರ, ಕಾಂಪೌಂಡಿನ ಮೂಲೆಯಲ್ಲಿ ಒಬ್ಬಳೇ ನಿಲ್ಲುತ್ತಿದ್ದವಳು ಲಿಸ್ಸಿ. ನರಸಿಂಹರಾಜಪುರದ ಕಡೆಯವಳು, ಹಿಂದೆಂದೋ ಕೇರಳದಿಂದ ಬಂದು ನೆಲೆಸಿ ರಬ್ಬರ್, ಕಾಫಿ ಬೆಳೆಯುವವರ ಮನೆಯ ಹೆಣ್ಣು, ಎತ್ತರದ ಗಟ್ಟಿ ಮೈಕಟ್ಟು. ಗಂಡನಿಗೆ ಕೊಪ್ಪದಲ್ಲಿ ಟಯರ್ ಅಂಗಡಿ. ಮಗಳು ಅಂಜು ನನ್ನ ಮಗಳ ಕ್ಲಾಸು. ಲಿಸ್ಸಿ ಶಾಲೆಗೆ ಬರಲು ಶುರುಮಾಡಿ ವರ್ಷವಾಗುತ್ತ ಬಂದಿತ್ತು, ಅವಳಿಗೆ ಕನ್ನಡ ಬರುವುದಿಲ್ಲವೆಂದು ಎಲ್ಲರೂ ತೀರ್ಮಾನಿಸಿದ್ದರು. ಪರೀಕ್ಷಿಸಲು ಮಾತ್ರ ಯಾರಿಗೂ ಪುರುಸೊತ್ತಾಗಿರಲಿಲ್ಲ.

ಈ ಭೂಪಟವನ್ನು ತಮ್ಮ ಕೋಣೆಯ ಕಿಟಕಿಯಿಂದ ದಿನವೂ ನೋಡಿ ಬೇಸತ್ತ ನಮ್ಮ ಹೆಡ್ ಮೇಡಂ ಡಿಸೆಂಬರಿನ ಕ್ರೀಡಾದಿನಕ್ಕೆ ಒಂದು ಉಪಾಯ ಹೂಡಿದರು. ತಾಯಂದಿರಿಗೆ ಹಗ್ಗಜಗ್ಗಾಟ. ಮಕ್ಕಳು ಯಾವ ಹೌಸೋ ತಾಯಂದಿರೂ ಅದೇ ಹೌಸು: ಕೆಂಪು, ನೀಲಿ, ಹಸಿರು, ಹಳದಿ. "ಎಲ್ಲರೂ ಬೆರೆಯಬೇಕು. ವೈವಿಧ್ಯವೇ ನಮ್ಮ ಶಾಲೆಯ ಶಕ್ತಿ" ಎಂದು ಪೋಷಕರ ಸಭೆಯಲ್ಲಿ ಅವರು ಹೇಳಿದಾಗ ನಾವೆಲ್ಲ ಜೋರಾಗಿ ಚಪ್ಪಾಳೆ ತಟ್ಟಿದೆವು. ಚಪ್ಪಾಳೆ ಮುಗಿಯುವ ಮೊದಲೇ ಅವರ ಕೋಣೆಯ ಮುಂದೆ ಸಾಲು ಬೆಳೆದಿತ್ತು.

ಶಾರದಕ್ಕನಿಗೆ ಕೆಂಪು ಬಣ್ಣ ಜಾತಕಕ್ಕೆ ಆಗಿಬರುವುದಿಲ್ಲ. ವನಜಾಕ್ಷಿಗೆ ತನ್ನ ನಾದಿನಿ ಜೊತೆಗಿಲ್ಲದಿದ್ದರೆ ಹಗ್ಗದ ಮೇಲೆ ಹಿಡಿತವೇ ಸಿಗುವುದಿಲ್ಲ. ಸುಮಿತ್ರಾಗೆ ಧಾರವಾಡದಲ್ಲಿದ್ದಾಗಿನಿಂದಲೂ ಹಸಿರು ಸೀರೆ ಇಲ್ಲ. ಒಂದು ವಾರದೊಳಗೆ ನಾಲ್ಕು ಹೌಸುಗಳೂ ಕರಗಿ, ಮರ, ಜೀಪು, ಮೋರಿಕಟ್ಟೆ ಎಂಬ ಮೂರು ತಂಡಗಳು ಸಿದ್ಧವಾದವು. ಹೆಡ್ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನಿಮ್ಮಿಷ್ಟ. ಆದರೆ ತಂಡಕ್ಕೆ ಎಂಟು ಜನ ಇರಲೇಬೇಕು" ಎಂದರು.

ಎಡವಟ್ಟಾದದ್ದೇ ಅಲ್ಲಿ. ಶುದ್ಧಿಯನ್ನು ಅಷ್ಟು ಕಟ್ಟುನಿಟ್ಟಾಗಿ ಕಾಯ್ದುಕೊಂಡ ಯಾವ ತಂಡದಲ್ಲೂ ಎಂಟು ಜನ ಇರಲಿಲ್ಲ! ಮರದವರಲ್ಲಿ ಒಬ್ಬರಿಗೆ ಸೊಂಟನೋವು, ಜೀಪಿನವರಲ್ಲಿ ಒಬ್ಬಳು ಬಸುರಿ, ಮೋರಿಕಟ್ಟೆಯ ಒಬ್ಬರಿಗೆ ಅದೇ ವಾರ ಹಾಸನಕ್ಕೆ ವರ್ಗ. ಮೂರೂ ತಂಡಗಳು ಏಕಕಾಲಕ್ಕೆ ಸುತ್ತ ಕಣ್ಣು ಹಾಯಿಸಿದವು. ನಾನು ಉತ್ಸಾಹದಿಂದ ಒಂದು ಹೆಜ್ಜೆ ಮುಂದೆ ಬಂದೆ. ಶಾರದಕ್ಕ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, "ಎಂತ ಮಾರಾಯ್ತಿ, ಗಾಳಿ ಬಂದ್ರೆ ನಿನ್ನ ಸೆರಗು ಹಿಡೀಬೇಕೋ ನಿನ್ನನ್ನೇ ಹಿಡೀಬೇಕೋ" ಎಂದರು. ಅವರ ದೃಷ್ಟಿ ನನ್ನ ಭುಜದ ಮೇಲಿನಿಂದ ಹಾದು, ಕಾಂಪೌಂಡಿನ ಮೂಲೆಯಲ್ಲಿ ನಿಂತಿದ್ದ ಲಿಸ್ಸಿಯ ರಟ್ಟೆಗಳ ಮೇಲೆ ನೆಟ್ಟಿತು.

ಅವರೇ ಅವಳ ಬಳಿಗೆ ನಡೆದರು. ಕಿವುಡರೊಡನೆ ಮಾತಾಡುವಂತೆ ದನಿಯೆತ್ತಿ, ಕೈಸನ್ನೆ ಮಾಡುತ್ತ, "ನೀವು... ನಮ್ಮ ಜೊತೆ... ಹಗ್ಗ... ಎಳೀಬೇಕು. ಹಗ್ಗ! ಗೊತ್ತಾಯ್ತಾ?" ಎಂದರು.

"ಗೊತ್ತಾಯ್ತು ಶಾರದಕ್ಕ" ಎಂದಳು ಲಿಸ್ಸಿ. "ನಾನು ಹುಟ್ಟಿದ್ದೇ ಎನ್.ಆರ್. ಪುರದಲ್ಲಿ. ಎಸ್ಸೆಸ್ಸೆಲ್ಸೀಲಿ ಕನ್ನಡಕ್ಕೇ ನಂಗೆ ಜಾಸ್ತಿ ಮಾರ್ಕ್ಸು."

ಶಾರದಕ್ಕ ಒಂದು ಕ್ಷಣ ಕೈಯನ್ನು ಗಾಳಿಯಲ್ಲೇ ಮರೆತರು.

ಅಂದಿನಿಂದ ಲಿಸ್ಸಿಗೆ ಸುಗ್ಗಿ. ಶಾರದಕ್ಕ ಚಕ್ಕುಲಿ ತಂದುಕೊಟ್ಟರು. ವನಜಾಕ್ಷಿ ಮನೆಯವರೆಗೆ ಜೀಪಿನಲ್ಲಿ ಬಿಟ್ಟಳು. ಮುಂದಿನ ಸೀಟಿನಲ್ಲಿ ನಾಯಿ ಕೂತಿದ್ದರಿಂದ ಲಿಸ್ಸಿ ಹಿಂದೆ, ಗೊಬ್ಬರದ ಚೀಲಗಳ ಜೊತೆ. ಸುಮಿತ್ರಾ ಕಾಫಿಗೆ ಕರೆದು, "ನಿಮ್ಮ ಕಡೆ ಕಾಫಿ ಕುಡೀತಾರಾ?" ಎಂದು ಕಾಫಿ ಬೆಳೆಯುವವರ ಮನೆಮಗಳನ್ನು ಕೇಳಿದರು. ಲಿಸ್ಸಿ ಎಲ್ಲವನ್ನೂ ನಗುತ್ತ ಸ್ವೀಕರಿಸಿದಳು. ಪ್ರತಿಯಾಗಿ ಒಂದು ಡಬ್ಬಿಯ ತುಂಬ ಅಚ್ಚಪ್ಪ ತಂದಳು, ಹೂವಿನ ಅಚ್ಚಿನಲ್ಲಿ ಕರಿದ ಗರಿಗರಿ ತಿಂಡಿ. ಶಾರದಕ್ಕ, "ಅಯ್ಯೋ, ಇವತ್ತು ಏಕಾದಶಿ" ಎಂದರು. ಮಾರನೆಯ ದಿನ ತಂದಳು, ಆಗಲೂ ಏಕಾದಶಿ. ಎರಡು ದಿನ ಏಕಾದಶಿ ಬೀಳುವುದು ಪಂಚಾಂಗದಲ್ಲಿ ಉಂಟು. ಮೂರನೆಯ ದಿನವೂ ಮುಂದುವರಿದದ್ದು ಮಾತ್ರ ನಮ್ಮ ಶಾಲೆಯ ಗೇಟಿನ ಮುಂದೆಯೇ ಇರಬೇಕು.

ಅಭ್ಯಾಸದ ದಿನ ಗೇಟಿನ ಮುಂದೆಯೇ ಮೂರೂ ಕಡೆಯವರು "ಲಿಸ್ಸಿ ನಮ್ಮವಳು" ಎಂದು ಹಗ್ಗಕ್ಕಿಂತ ಮೊದಲು ಅವಳನ್ನೇ ಎಳೆಯತೊಡಗಿದಾಗ, ಹೆಡ್ ಮೇಡಂ "ನೀವೇ ಹೇಳಿ ಲಿಸ್ಸಿ, ಯಾರ ಕಡೆ?" ಎಂದರು.

ಲಿಸ್ಸಿ ತನ್ನ ಎರಡೂ ಕೈಗಳನ್ನು ಬಿಡಿಸಿಕೊಂಡಳು. ಆಮೇಲೆ ಹೇಳಿದಳು: "ಬರೋ ವರ್ಷ ಮಗಳನ್ನ ಎನ್.ಆರ್. ಪುರಕ್ಕೇ ಹಾಕಿಬಿಡೋಣ ಅಂತ ಮನೇಲಿ ಮಾತಾಡಿದ್ವಿ ಮೇಡಂ. ಇಲ್ಲಿ ನಂಗೂ ಯಾರಿಲ್ಲ, ಅವಳ ಬರ್ತ್‌ಡೇಗೂ ಯಾರೂ ಬರ್ಲಿಲ್ಲ. ಮೊನ್ನೆವರೆಗೆ ನನ್ನ ಹೆಸರು ಕೇಳಿದ್ದು ಮುಮ್ತಾಜಕ್ಕ ಒಬ್ರೇ. ನಾನು ಅವರ ಕಡೆ."

ಬಳೆ ಅಂಗಡಿಯ ಮುಮ್ತಾಜ್ ಹಲಗೆಯ ಮೇಲೆ ಕೂತು ಮಗನ ಬೂಟಿನ ದಾರ ಬಿಡಿಸುತ್ತಿದ್ದವಳು ಗಾಬರಿಯಿಂದ ತಲೆಯೆತ್ತಿದಳು. "ನಂದು ಕಡೆ ಅಂತ ಎಂತದೂ ಇಲ್ಲ ಮಾರಾಯ್ತಿ!"

"ಹಾಗಾದ್ರೆ ಮಾಡುವ" ಎಂದಳು ಲಿಸ್ಸಿ.

ಹೀಗೆ ನಾಲ್ಕನೆಯ ತಂಡ ಹುಟ್ಟಿತು. ಲಿಸ್ಸಿ, ಮುಮ್ತಾಜ್, ಮೊಮ್ಮಗನನ್ನು ಕರೆದೊಯ್ಯಲು ಬರುತ್ತಿದ್ದ ಹೋಟೆಲಿನ ಗಿರಿಜಮ್ಮ, ಸರ್ಕಾರಿ ಆಸ್ಪತ್ರೆಯ ನರ್ಸಮ್ಮ, ಪೇಟೆಯ ಅಂಗಡಿಮನೆಗಳ ಮೂವರು, ಮತ್ತು ತೂಕದ ಕಾರಣದಿಂದ ಸ್ವಜಾತಿಯಿಂದ ಬಹಿಷ್ಕೃತಳಾದ ನಾನು. ಅಂಜುವಿನ ಹುಟ್ಟುಹಬ್ಬ ಯಾವಾಗ ಆಗಿತ್ತೆಂದು ಆ ಸಂಜೆ ಮಗಳನ್ನು ಕೇಳಿದೆ. "ಅವಳು ಎಲ್ಲರನ್ನೂ ಕರೆದಿದ್ಲಮ್ಮ. ಯಾರ ಮನೇಲೂ ಕಳಿಸ್ಲಿಲ್ಲ" ಎಂದು ಅವಳು ಸೆಂಟ್ ರಬ್ಬರು ಮೂಸುತ್ತ ಹೇಳಿದಳು. ಮಕ್ಕಳ ಗುಂಪುಗಳು ಸುವಾಸನೆಯ ರಬ್ಬರು ಯಾರ ಬಳಿ ಇದೆ ಎನ್ನುವುದರ ಮೇಲೆ ವಾರಕ್ಕೊಮ್ಮೆ ಬದಲಾಗುತ್ತಿದ್ದವು. ನಮ್ಮವು ಅಷ್ಟು ಸುಲಭಕ್ಕೆ ಸವೆಯುವ ವಸ್ತುವಿನಿಂದ ಮಾಡಿದವಲ್ಲ.

ಕ್ರೀಡಾದಿನ ಮೊದಲ ಸುತ್ತಿನಲ್ಲೇ ನಮಗೂ, ನೆಂಟರ ಹೆಂಗಸೊಬ್ಬಳನ್ನು ಸೇರಿಸಿ ಎಂಟು ತುಂಬಿಸಿಕೊಂಡಿದ್ದ ಜೀಪಿನವರಿಗೂ ಬಿತ್ತು. ಇಲ್ಲಿ ಸೋತು ಬಳಲಿದ್ದವರು ಗೆದ್ದರು ಎಂಬ ಕಥೆಯನ್ನು ನೀವು ನಿರೀಕ್ಷಿಸುತ್ತಿದ್ದರೆ ಕ್ಷಮಿಸಿ. ಸೀಟಿ ಊದಿದ ಕೂಡಲೇ ಮುಮ್ತಾಜಳ ಚಪ್ಪಲಿ ಕಿತ್ತುಹೋಯಿತು, ಗಿರಿಜಮ್ಮ "ಅಯ್ಯೋ ದೇವರೇ" ಎಂದು ಕೂತೇಬಿಟ್ಟರು, ಅವರ ಮೇಲೆ ನರ್ಸಮ್ಮ, ಅವರ ಮೇಲೆ ಮಿಕ್ಕವರು. ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ನಿಂತ ಲಿಸ್ಸಿ ಮಾತ್ರ ಅಲುಗಲಿಲ್ಲ. ಆ ಕಡೆ ಎಂಟು ಜನ, ಈ ಕಡೆ ಅವಳೊಬ್ಬಳು. ಅವಳ ಮುಂದೆ ಹಗ್ಗಕ್ಕೆ ಬಟ್ಟೆ ಒಣಹಾಕಿದಂತೆ ನೇತಾಡುತ್ತಿದ್ದ ನನ್ನನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಮೈದಾನವಿಡೀ ಕೂಗಾಡಿತು. ಜೀಪಿನವರ ಮೇಲಿನ ಹಳೆಯ ದ್ವೇಷಕ್ಕೋ ಏನೋ, ಶಾರದಕ್ಕ ಗೆರೆಯ ಪಕ್ಕ ಓಡಿಬಂದು, "ಬಿಡಬೇಡ ಲಿಸ್ಸಿ! ಹಿಮ್ಮಡಿ ಊರು!" ಎಂದು ಕಿರುಚಿದರು. ಅವರ ದನಿ ಮಠದವರೆಗೂ ಕೇಳಿಸಿರಬೇಕು.

ಲಿಸ್ಸಿ ಬಿಡಲಿಲ್ಲ. ಅವಳನ್ನು ಹಗ್ಗದ ಸಮೇತ ಗೆರೆ ದಾಟಿಸಿ ಎಳೆದರು. ಕೆಂಪು ಧೂಳು ಇಳಿದಾಗ ಅವಳು ನೆಲದಲ್ಲಿ ಅಂಗಾತ ಮಲಗಿ ನಗುತ್ತಿದ್ದಳು. ಆ ನಗು ನಮಗೆಲ್ಲ ಹತ್ತಿತು, ಗೆದ್ದ ವನಜಾಕ್ಷಿಗೂ. ಅವಳೇ ಕೈಕೊಟ್ಟು ಎಬ್ಬಿಸಿ, "ಮುಂದಿನ ಸಲ ನಾಯಿನ ಹಿಂದೆ ಕೂರಿಸ್ತೀನಿ ಮಾರಾಯ್ತಿ" ಎಂದಳು. ಶಾರದಕ್ಕ ತಮ್ಮ ಸೆರಗಿನಿಂದಲೇ ಲಿಸ್ಸಿಯ ಬೆನ್ನಿನ ಧೂಳು ಕೊಡವಿದರು. ಅಂಜು ತಂದ ಡಬ್ಬಿ ಸುತ್ತು ಬಂದಾಗ, ಆಟದ ಕಾವಿನಲ್ಲೇ ಇದ್ದ ಅವರು ಒಂದು ಅಚ್ಚಪ್ಪ ಎತ್ತಿ ಕಟುಮ್ಮನೆ ಕಡಿದರು. ನೇರಳೆ ಮರದವರೆಲ್ಲ ಒಮ್ಮೆಲೇ ಅವರ ಬಾಯನ್ನೇ ನೋಡಿದರು. ಶಾರದಕ್ಕ ಅಗಿಯುವುದನ್ನು ನಿಲ್ಲಿಸಿದರು, ಯೋಚಿಸಿದರು, ಮತ್ತೆ ಅಗಿದರು.

"ಎಂತ ನೋಡ್ತೀರಿ? ಇವತ್ತು ದ್ವಾದಶಿ" ಎಂದರು.

ಅಂಜು ಶಾಲೆ ಬಿಡಲಿಲ್ಲ. ಅವಳ ಮುಂದಿನ ಹುಟ್ಟುಹಬ್ಬಕ್ಕೆ ಟಯರ್ ಅಂಗಡಿಯ ಮಾಳಿಗೆ ಮೇಲೆ ಕಾಲಿಡಲು ಜಾಗವಿರಲಿಲ್ಲ. ಗೇಟಿನ ಮುಂದೆ ಕ್ರಾಂತಿಯೇನೂ ಆಗಲಿಲ್ಲ. ಮರದವರು ಮರದ ಕೆಳಗೇ, ಜೀಪಿನವರು ಜೀಪಿನ ಬಳಿಯೇ. ಬದಲಾದದ್ದು ಹಲಗೆ. ನಾವು ಎಂಟು ಜನ ಅದರ ಮೇಲೆ ಒತ್ತೊತ್ತಾಗಿ ಕೂರತೊಡಗಿದೆವು. ನಮಗೇ ಆದ ತಮಾಷೆಗಳು ಹುಟ್ಟಿದವು, ನಮಗೇ ಆದ ಸೋಲಿನ ಇತಿಹಾಸ ದಿನದಿನಕ್ಕೂ ವೀರಗಾಥೆಯಾಗಿ ಬೆಳೆಯಿತು. ಬೇರೆ ಯಾರಾದರೂ ಹತ್ತಿರ ಬಂದರೆ ಮಾತು ತಾನಾಗಿ ನಿಲ್ಲುವಷ್ಟು ನಾವು ಮುಂದುವರಿದೆವು.

ಜೂನ್ ತಿಂಗಳಲ್ಲಿ ಶಾಲೆ ಮತ್ತೆ ಶುರುವಾದಾಗ ಒಬ್ಬಳು ಹೊಸ ಹೆಂಗಸು ಕೊಡೆ ಮಡಿಸುತ್ತ ಬಂದಳು. ರಾಯಚೂರು ಕಡೆಯವಳು, ಗಂಡ ಪೊಲೀಸ್ ಸ್ಟೇಷನ್ನಿಗೆ ಹೊಸದಾಗಿ ಬಂದ ಕಾನ್‌ಸ್ಟೇಬಲ್. ಮರ, ಜೀಪು, ಕಟ್ಟೆಗಳನ್ನು ಒಂದೊಂದಾಗಿ ನೋಡಿ, ನಮ್ಮ ಮುಂದೆ ನಿಂತು ಕೇಳಿದಳು: "ಅಕ್ಕಾರ, ಇಲ್ಲಿ ಕುಂದರಲೇನ್ರಿ?"

ಯಾರೂ ಸರಿಯಲಿಲ್ಲ. ಗಿರಿಜಮ್ಮ ಸೀರೆಯ ನಿರಿಗೆ ಸರಿಮಾಡಿಕೊಳ್ಳುತ್ತ, "ಇಲ್ಲಿ ಜಾಗ ಇಲ್ಲಮ್ಮ. ಇದು ನಾವು ಹಗ್ಗದವರು ಕೂರೋದು" ಎಂದರು.

ಆ ಹೆಂಗಸು ತುಸು ನಾಚಿದಳು. ಹಿಂದಕ್ಕೆ ಸರಿದು, ಮರ್ಯಾದೆಯಿಂದಲೇ ವಿಚಾರಿಸಿದಳು: "ಹೌದೇನ್ರಿ? ಹಗ್ಗದ ಅಂಗಡಿ ಐತೇನ್ರಿ ನಿಮ್ಮದು?"

ಲಿಸ್ಸಿ ಮೊದಲು ಗಿರಿಜಮ್ಮನನ್ನು, ಆಮೇಲೆ ನಮ್ಮೆಲ್ಲರನ್ನೂ ಸಾಲಾಗಿ ನೋಡಿದಳು. ನಮಗೆ ಅವಳ ಮುಖ ನೋಡಲು ಕಷ್ಟವಾಗಿ, ಗೇಟಿನ ಬಣ್ಣದಲ್ಲಿ ಆಸಕ್ತಿ ಹುಟ್ಟಿತು. ಅವಳು ಎದ್ದು, ಮುಮ್ತಾಜಳನ್ನು ಭುಜದಿಂದ ಒತ್ತಿ ಸರಿಸಿ, ನನ್ನನ್ನು ಹೆಚ್ಚುಕಡಿಮೆ ಎತ್ತಿಯೇ ಪಕ್ಕಕ್ಕಿಟ್ಟು, ಆದ ಜಾಗದಲ್ಲಿ ಆ ಹೆಂಗಸಿನ ಕೈಹಿಡಿದು ಕೂರಿಸಿದಳು.

"ಅಂಗಡಿ ಎಲ್ಲ ಇಲ್ಲ ಅಕ್ಕ" ಎಂದಳು. "ಹಗ್ಗ ಹಿಡಿದದ್ದೇ ಒಂದು ದಿನ. ಅದ್ರಲ್ಲೂ ಸೋತ್ವಿ. ನಿಮ್ಮ ಹೆಸರೆಂತ?"