ಬಿಸಿಲು ಹೊಡೆದವನಿಗೆ ಕಂಬಳಿ

ನನ್ನ ಅಕ್ಷರ ದುಂಡಗಿಲ್ಲ, ಮಾತು ಜೋಡಿಸಿ ಬರೆದು ಅಭ್ಯಾಸವೂ ಇಲ್ಲ, ಓದುವವರು ಬೇಸರಿಸಬಾರದು.

ಈ ಬೇಸಿಗೆಯಲ್ಲಿ ಹಂದನಕೆರೆ ಕಡೆಯ ಒಂದು ತೋಟಕ್ಕೆ ತೆಂಗಿನಕಾಯಿ ರಾಶಿ ಹಾಕುವ ಕೂಲಿಗೆ ಹೋಗಿದ್ದೆ. ಉರಿಬಿಸಿಲಿನಲ್ಲಿ ಕಾಯಿ ಸುಲಿಯುತ್ತಿದ್ದ ರಂಗಪ್ಪ ಇದ್ದಕ್ಕಿದ್ದಂತೆ ನನ್ನನ್ನು ನೋಡಿ, "ಅವ್ವಾ, ಎಮ್ಮೆ ಬಿಚ್ಚು" ಎಂದು ಬಡಬಡಿಸಿ ಕುಸಿದುಬಿದ್ದ. ಮೈ ಕಾದ ಹೆಂಚಿನಂತೆ ಸುಡುತ್ತಿತ್ತು, ಬೆವರು ಮಾತ್ರ ಇರಲಿಲ್ಲ. ಬಿಸಿಲು ಹೊಡೆದಿದೆ ಎಂದು ತಿಳಿಯಿತು. ಜೊತೆಗಿದ್ದ ಜಯಮ್ಮನೂ ನಾನೂ ಅವನನ್ನು ನೆರಳಿಗೆ ಎಳೆದೆವು. ಅವಳು ಆಂಬುಲೆನ್ಸ್ ಕರೆಸಲು ರಸ್ತೆಗೆ ಓಡಿದಳು. ನಾನು ತೊಟ್ಟಿಯಿಂದ ನೀರು ತರಲು ಹೋದೆ. ಬಂದು ನೋಡಿದರೆ, ಕುರಿ ಮೇಯಿಸುತ್ತಿದ್ದ ಯಾರೋ ಅಜ್ಜ ತನ್ನ ಕಂಬಳಿಯನ್ನು ರಂಗಪ್ಪನಿಗೆ ಕತ್ತಿನವರೆಗೂ ಹೊದಿಸಿ ಕುಳಿತಿದ್ದ!

"ತೆಗಿಯಜ್ಜ, ಬೆಂದೋಗ್ತಾನೆ!"

"ಜ್ವರ ಕಣವ್ವ. ಹೊದ್ಕೊಂಡು ಬೆವರಿದ್ರೆ ಇಳೀತೈತೆ."

ನಾನು ಎಳೆದೆ, ಅವನು ಮತ್ತೆ ಹೊದಿಸಿದ. ನೀರು ಸುರಿಯಹೋದರೆ, "ಸುಡೋ ಮೈಗೆ ತಣ್ಣೀರಾ? ಕೊಂದ್ಬುಡ್ತೀಯ ಕಣಮ್ಮಿ!" ಎಂದು ಬಿಂದಿಗೆಯನ್ನೇ ಹಿಡಿದುಕೊಂಡ. ಪರ ಗಂಡಸರ ಮುಂದೆ ಎಂದೂ ದನಿ ಎತ್ತದ ನಾನು, "ಬುಡಜ್ಜ, ಇಲ್ದಿದ್ರೆ ನಿನ್ ಮೇಲೂ ಸುರೀತೀನಿ!" ಎಂದು ಕೂಗಿಬಿಟ್ಟೆ. ಆಗ ಬಿಟ್ಟ. ರಂಗಪ್ಪನಿಗೆ ಎಚ್ಚರವಿರಲಿಲ್ಲವಾದ್ದರಿಂದ ಬಾಯಿಗೆ ಏನೂ ಹಾಕದೆ, ಕಂಬಳಿ ಕಿತ್ತೆಸೆದು, ಆಂಬುಲೆನ್ಸ್ ಬರುವವರೆಗೂ ಮೈಗೆ ನೀರು ಸುರಿದು ಸೆರಗಿನಿಂದ ಗಾಳಿ ಬೀಸಿದೆ.

ರಂಗಪ್ಪ ಗುಣವಾಗಿ ಬಂದ. ಬಂದವನು, ದಾರಿಯಲ್ಲಿ ಸಿಕ್ಕ ಆ ಅಜ್ಜನ ಮಾತು ಕೇಳಿಕೊಂಡು, ನನ್ನೆದುರಿಗೇ ಹೇಳುತ್ತಾನೆ: "ಆ ಅಜ್ಜ ಪುಣ್ಯಾತ್ಮ ಕಣಕ್ಕ, ಕಂಬಳಿ ಹೊದಿಸಿ ಉಳಿಸ್ಕೊಂಡ. ಯಾರೋ ಪಾಪಿ ಮೈಯೆಲ್ಲಾ ನೆನೆಸ್ಬುಟ್ಟಿದ್ರಂತೆ!"

ಆ ಪಾಪಿ ನಾನೇ. ಬರೆದದ್ದರಲ್ಲಿ ತಪ್ಪಿದ್ದರೆ ದಯವಿಟ್ಟು ಮನ್ನಿಸಿ.