ಬಂದ್ಯಾ? ಕುಂತ್ಕ

ಧರ್ಮಪುರದಲ್ಲಿ ನಮ್ಮ ಪಕ್ಕದ ಮನೆಯಾಕೆಗೆ ಪ್ಯಾನಿಕ್ ಕಾಯಿಲೆಯಿತ್ತು. ಇದ್ದಕ್ಕಿದ್ದಂತೆ ಎದೆ ಡವಗುಟ್ಟಿ, ಉಸಿರು ಸಿಕ್ಕದೆ, ಈಗಲೇ ಸತ್ತೆ ಎನ್ನಿಸುತ್ತಿತ್ತಂತೆ. ಆಗೆಲ್ಲ ಆಕೆ ಸೆರಗನ್ನು ಸೊಂಟಕ್ಕೆ ಬಿಗಿದು, "ಬಂದ್ಯಾ? ಕುಂತ್ಕ. ನಂಗೆ ಕೆಲ್ಸ ಐತೆ" ಎಂದು ಆ ಭಯವನ್ನೇ ಗದರುತ್ತಿದ್ದಳು.

ಒಮ್ಮೆ ಜಗಲಿಯಲ್ಲಿ ಇಬ್ಬರೂ ಬಿತ್ತನೆಯ ಶೇಂಗಾ ಸುಲಿಯುತ್ತಿದ್ದೆವು. ಹಿರಿಯೂರಿನಿಂದ ಆಕೆಯ ರಕ್ತದ ರಿಪೋರ್ಟ್ ತಂದ ಮೈದುನ, "ಒತ್ತಡದ ಹಾರ್ಮೋನು ನಾರ್ಮಲ್ ಐತಂತೆ. ಇನ್ನಾದ್ರೂ ನಾಟಕ ಬಿಡು ಅತ್ತಿಗೆ" ಎಂದ.

ಅಷ್ಟರಲ್ಲೇ ಆಕೆಯ ಹಣೆ ಬೆವೆತು, ಕೈ ನಡುಗತೊಡಗಿತು. ಆದರೂ ಸುಲಿಯುವುದನ್ನು ಬಿಡಲಿಲ್ಲ. ಕೆಂಪು ಸಿಪ್ಪೆ ಕಿತ್ತುಹೋದ ಬೀಜ ಬಿತ್ತನೆಗೆ ಬಾರದು. ಆ ನಡುಗುವ ಬೆರಳಲ್ಲೂ ಒಂದು ಬೀಜದ ಸಿಪ್ಪೆಯೂ ಹರಿಯಲಿಲ್ಲ. ಮೈದುನ ಗಾಬರಿಯಿಂದ ಹಿಂದೆ ಸರಿದ.

"ರಕ್ತ ಕೊಟ್ಟ ದಿನ ಇದು ಬಂದಿರ್ಲಿಲ್ಲ ಕಣಪ್ಪ. ಈಗ ಬಂದೈತೆ" ಎಂದಳು, ಏದುಸಿರಿನಲ್ಲೇ. "ಎಲ್ಲಿಗೆ ಓಡ್ತೀಯ? ನೀನೂ ಕುಂತ್ಕ. ಸುಲಿ."